ಕೊಡೆ ಹಿಡಿದ ಪೈಲಟ್

ಬೈಲಹೊಂಗಲದ ನನ್ನ ಮೊಬೈಲ್ ಅಂಗಡಿಗೆ ಅಜ್ಜಿಯ ಜೊತೆ ಬಂದ ಹುಡುಗಿ ಸ್ಟೂಲಿನ ಮೇಲೆ ಕುಳಿತು, ಅಜ್ಜಿಯ ಕೊಡೆಯನ್ನು ಮೊಣಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡಳು. ನಾನು ಕೊಟ್ಟ ದೊಡ್ಡ ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟು ಕೊಡೆಯನ್ನು ಎಡಕ್ಕೆ ವಾಲಿಸಿದಳು. ಕೊಡೆ ಟ್ಯಾಬ್ಲೆಟ್ಟಿಗೆ ಬಡಿಯಿತು. ನಾನು ಬೆಪ್ಪಾಗಿ ನೋಡಿದೆ.

“ವಿಮಾನ ತಿರುಗಸೂ ಕೋಲು ಇದ ಅಂತ ತಿಳ್ಕೋರಿ ಅಣ್ಣಾರ. ಟ್ಯಾಬ್ಲೆಟ್ ಇಷ್ಟ ದೊಡ್ಡದಿದ್ರ ಕೋಲು ಪೂರಾ ತಿರುಗಸಾಕ ಬರೂದಿಲ್ಲ” ಎಂದು ನಕ್ಕಳು.

ಸಂಪಗಾಂವದ ಈ ಹುಡುಗಿ ಸಣ್ಣ ವಿಮಾನ ಹಾರಿಸಲು ಕಲಿಯುತ್ತಿದ್ದಳಂತೆ. ಹಾರುವಾಗ ನಕ್ಷೆ ನೋಡಲು ಟ್ಯಾಬ್ಲೆಟ್ ಬೇಕಿತ್ತು. ದೊಡ್ಡದರಲ್ಲಿ ಸಿನಿಮಾ ಚೆಂದ ಕಾಣುತ್ತದೆ ಎಂದು ಅಷ್ಟು ಹೊತ್ತು ವಾದಿಸಿದ್ದ ನಾನೇ ಓಡಿಹೋಗಿ ಸಣ್ಣದನ್ನು ತಂದೆ. ಕೊಡೆ ಎತ್ತ ವಾಲಿದರೂ ತಾಗಲಿಲ್ಲ. ಸುತ್ತ ನೆರೆದ ಗಿರಾಕಿಗಳು ಚಪ್ಪಾಳೆ ತಟ್ಟಿದರು. ಅವಳು ಅದನ್ನು ಬೀದಿಗೆ ಒಯ್ದು, ಸುಡುವ ಬಿಸಿಲಿನಲ್ಲಿ ಹಿಡಿದು ನಕ್ಷೆಯ ಮೇಲಿನ ಊರುಗಳನ್ನು ಓದಿದಳು. ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲವೂ ಕಂಡವು.

“ಇದನ್ನ ಕೊಡ್ರಿ. ನಮ್ಮ ಹುಡುಗಿ ಹೊಳ್ಳಿ ಮನೀಗೆ ಬರಬೇಕ” ಎಂದರು ಅಜ್ಜಿ.

ಈಗ ಸಣ್ಣ ವಿಮಾನದ ಸದ್ದು ಕೇಳಿದರೆ ಸಾಕು, ಗಿರಾಕಿಯನ್ನು ಬಿಟ್ಟು ಬೀದಿಗೆ ಓಡುತ್ತೇನೆ. ಮೇಲಿನಿಂದ ಅವಳಿಗೆ ಕಾಣಲೆಂದು ನನ್ನ ಕೊಡೆ ಬಿಚ್ಚಿ ಬೀಸುತ್ತೇನೆ.