ಮೊದಲ ಹೆಜ್ಜೆ ನೋಡುವ ಅಟ್ಟೆ ಅಕ್ಕ

ಬೆಳಿಗ್ಗೆ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಕಾರಿಡಾರಿನಲ್ಲಿ ಒರೆಸಿದ ನೆಲ ಇನ್ನೂ ಆರಿಲ್ಲ. ತುದಿಯ ಕೋಣೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತ ಹೆಂಗಸು ಎದುರಿನ ಬೆಂಚಿನ ಮೇಲೆ ಕಣ್ಣಿಟ್ಟಿದ್ದಾರೆ. ರಾತ್ರಿ ಪಾಳಿ ಮುಗಿಸಿದ ಆಯಾ ಒಬ್ಬರು ಅಲ್ಲಿ ಹತ್ತು ನಿಮಿಷ ಕೂತು ಈಗ ಏಳುತ್ತಾರೆ. ಎಡಗಾಲು ಊರಿದ್ದೇ ತಡ, ಮುಖ ಕಿವುಚಿ ಗೋಡೆ ಹಿಡಿಯುತ್ತಾರೆ.

“ಎಡಗಾಲು. ಹಿಮ್ಮಡಿಯಿಂದ ಸ್ವಲ್ಪ ಮುಂದೆ, ಒಳಗಡೆ. ಸರೀನಾ?”

“ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲಮ್ಮ,” ಎನ್ನುತ್ತಾರೆ ಆಯಾ.

“ಬಾಯಿ ಯಾಕೆ? ಕೂತು ಎದ್ದ ಮೊದಲ ಹೆಜ್ಜೆನೇ ಎಲ್ಲಾ ಹೇಳುತ್ತೆ. ಹತ್ತು ಹೆಜ್ಜೆ ಆದಮೇಲೆ ಈ ನೋವು ನಾಚ್ಕೊಂಡು ಒಳಗೆ ಹೋಗುತ್ತೆ, ಡಾಕ್ಟ್ರಿಗೆ ಸಿಗಲ್ಲ.”

ಇಡೀ ಆಸ್ಪತ್ರೆಗೆ ಇವರು ‘ಅಟ್ಟೆ ಅಕ್ಕ’. ಅಂಗಾಲಿನ ಕಮಾನು ನೋಯುವವರ ಚಪ್ಪಲಿ, ಬೂಟುಗಳೊಳಗೆ ಇಡುವ ಮೆತ್ತನೆಯ ಅಟ್ಟೆ ಮಾಡಿಕೊಡುವುದು ಇವರ ಕಸುಬು. ದಿನಕ್ಕೆ ಎಂಟು ಜೊತೆ. ಹದಿನಾಲ್ಕು ವರ್ಷ ಬೂಟಿನ ಕಾರ್ಖಾನೆಯಲ್ಲಿ ನಿಂತೇ ಅಟ್ಟೆ ಕತ್ತರಿಸಿದವರಿಗೆ ಸ್ವಂತ ಕಾಲಿನ ಕಮಾನೇ ಕುಸಿದು, ಕೆಲಸವೂ ಹೋಯಿತು. ಚಿಕಿತ್ಸೆಗೆಂದು ಬಂದಾಗ ವ್ಯಾಯಾಮ ಹೇಳಿಕೊಡುವ ಡಾಕ್ಟರು ಅವರ ಕೈ ಕೆಲಸ ನೋಡಿ ಈ ಕೋಣೆ ಕೊಡಿಸಿದರು. ಅದಾಗಿ ಹನ್ನೊಂದು ವರ್ಷ.

ಕೋಣೆಯಲ್ಲಿರುವುದು ಒಂದು ಕತ್ತರಿ, ಒಂದು ಉಜ್ಜುವ ಯಂತ್ರ, ಒಂದು ಬಕೆಟ್ ನೀರು, ಹಳೆಯ ಪತ್ರಿಕೆಗಳ ರಾಶಿ. ಬಂದವರು ಕಾಲು ತೋಯಿಸಿಕೊಂಡು ಪತ್ರಿಕೆಯ ಮೇಲೆ ನಿಲ್ಲಬೇಕು. ಹೆಜ್ಜೆಗುರುತಿನ ನಡುವೆ ಒದ್ದೆಯಾಗದೆ ಉಳಿದ ಜಾಗ ಎಷ್ಟಗಲ ಎಂಬುದರ ಮೇಲೆ ಕಮಾನಿನ ಎತ್ತರ ತಿಳಿಯುತ್ತದೆ. “ನಿಮ್ಮ ಪೇಪರಿಂದ ಇಷ್ಟಾದ್ರೂ ಉಪಕಾರ ಆಯ್ತಲ್ಲ,” ಎಂದು, ಮಾತಾಡಿಸಲು ಬಂದ ಪತ್ರಿಕೆಯವರ ಕಾಲನ್ನೇ ಎಳೆಯುತ್ತಾರೆ. ಅಕ್ಕನ ಚಪ್ಪಲಿಯ ಅಟ್ಟೆ ಮಾತ್ರ ಸವೆದು ಹಾಳೆಯಾಗಿದೆ. ದೀಪದ ಬುಡ ಕತ್ತಲೆ.

ಇಷ್ಟು ಪಳಗಿದ ಕೈಯೂ ಎರಡು ತಿಂಗಳ ಹಿಂದೆ ತಪ್ಪಿತು. ಅದೂ ಯಾರ ಕಾಲಿಗೆ? ಎಳೆಗೂಸುಗಳ ವಾರ್ಡಿನ ಹಿರಿಯ ಸಿಸ್ಟರ್ ಕಾಲಿಗೆ. ಹತ್ತೊಂಬತ್ತು ವರ್ಷದ ಹಿಂದೆ ಅಕ್ಕನ ಮಗಳು ಏಳೇ ತಿಂಗಳಿಗೆ ಹುಟ್ಟಿದಾಗ, ಮೂವತ್ತೆಂಟು ರಾತ್ರಿ ಗಾಜಿನ ಪೆಟ್ಟಿಗೆಯ ಪಕ್ಕ ನಿಂತು ಕೂಸನ್ನು ಉಳಿಸಿಕೊಟ್ಟವರು ಅವರು. ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಡುತ್ತಿದ್ದ ಸಿಸ್ಟರ್ ಈಗ ಗೋಡೆ ಹಿಡಿದು ನಡೆಯುತ್ತಿದ್ದರು. ನಿವೃತ್ತಿಗೆ ಒಂದೂವರೆ ವರ್ಷ ಬಾಕಿ. ಎರಡು ತಿಂಗಳಲ್ಲಿ ಕಾಲು ಸರಿಹೋಗದಿದ್ದರೆ ಕಡತಗಳ ಕೋಣೆಗೆ ಕಳಿಸುವುದಾಗಿ ಮೇಟ್ರನ್ ಹೇಳಿದ್ದರು. ಕೂಸುಗಳನ್ನು ಬಿಟ್ಟು ಕಡತಗಳ ಜೊತೆ ಬದುಕುವುದು ಸಿಸ್ಟರ್‌ಗೆ ಬೇಕಿರಲಿಲ್ಲ.

ಬೇರೆಯವರಿಗಾದರೆ ಅಕ್ಕ ಮೊದಲ ವಾರ ಒಂದೇ ಪದರದ ಅಟ್ಟೆ ಕೊಡುತ್ತಾರೆ. ಕಾಲು ಒಗ್ಗಿದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಸಿಸ್ಟರ್‌ಗೆ ಮೂರನ್ನೂ ಒಂದೇ ದಿನ ಅಂಟಿಸಿಕೊಟ್ಟರು. “ಋಣ ತೀರಿಸೋ ಅವಸರ ನನಗೆ,” ಎನ್ನುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ. ನಾಲ್ಕನೇ ದಿನ ಸಿಸ್ಟರ್‌ಗೆ ಕಾಲೂರಲೂ ಆಗಲಿಲ್ಲ. “ಕುಸಿದ ಕಮಾನಿಗೆ ಆಸರೆ ಕೊಡ್ಬೇಕು, ಗೂಟ ಹೊಡೀಬಾರದು. ಗೊತ್ತಿದ್ದೂ ಹೊಡೆದೆ. ಆವತ್ತು ಊಟ ಸೇರಲಿಲ್ಲ.”

ಸಿಸ್ಟರ್ ಬೈಯಲಿಲ್ಲ. ಡಾಕ್ಟರಿಗೆ ತೋರಿಸಿ ಬಂದು, ಮತ್ತೆ ಅದೇ ಬೆಂಚಿನಲ್ಲಿ ಕೂತರು. ಅಕ್ಕ ಒಂದು ಪದರದಿಂದ ಶುರು ಮಾಡಿದರು. ಹಾಸಿಗೆಯಿಂದ ಇಳಿಯುವ ಮೊದಲು ಟವೆಲ್ಲನ್ನು ಅಂಗಾಲಿಗೆ ಕೊಟ್ಟು ಬೆರಳುಗಳನ್ನು ತನ್ನತ್ತ ಎಳೆದುಕೊಳ್ಳುವುದು, ಗೋಡೆಗೆ ಕೈಯೂರಿ ಮೀನಖಂಡ ಸಡಿಲಿಸುವುದು, ತಣ್ಣೀರಿನ ಬಾಟಲಿಯನ್ನು ಅಂಗಾಲ ಕೆಳಗೆ ಉರುಳಿಸುವುದು, ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ಓಡಾಡದಿರುವುದು ಎಲ್ಲವನ್ನೂ ಸಿಸ್ಟರ್ ಏಳು ವಾರ ಚಾಚೂ ತಪ್ಪದೆ ಮಾಡಿದ್ದಾರೆ.

ಇವತ್ತು ಮೇಟ್ರನ್ ಕೊಟ್ಟ ಗಡುವು. ಆರೂವರೆಗೆ ಸಿಸ್ಟರ್ ಇಳಿದು ಬಂದು ಬೆಂಚಿನಲ್ಲಿ ಕೂರುತ್ತಾರೆ. ಹತ್ತು ನಿಮಿಷ ಕಳೆಯುತ್ತದೆ. ಏಳುವ ಹೊತ್ತಿಗೆ ಸರಿಯಾಗಿ, ಊರೆಲ್ಲರ ಹೆಜ್ಜೆ ನೋಡುವ ಅಕ್ಕ ತಲೆ ತಗ್ಗಿಸಿ ಬಕೆಟ್ಟಿನ ನೀರನ್ನು ನೋಡುತ್ತಾರೆ.

ಹೆಜ್ಜೆ ಸಪ್ಪಳ ಬಾಗಿಲವರೆಗೂ ಬಂದು ನಿಲ್ಲುತ್ತದೆ.

“ಮೇಟ್ರನ್ ಆಗಲೇ ನಡೆಸಿ ನೋಡಿದ್ರು. ವಾರ್ಡಲ್ಲೇ ಇರಿ ಅಂದ್ರು ಕಣೆ,” ಎನ್ನುತ್ತಾರೆ ಸಿಸ್ಟರ್. “ಈಗ ಗೋಡೆ ಮುಟ್ಟದೆ ಬಂದೆ. ನೋಡಿದ್ಯಾ?”

“ಇಲ್ಲ ಸಿಸ್ಟರ್. ಧೈರ್ಯ ಸಾಲಲಿಲ್ಲ.”

“ಹಾಗಾದ್ರೆ ಇನ್ನೊಂದು ಸಲ ಕೂತು ಏಳ್ತೀನಿ.”

“ಹತ್ತು ನಿಮಿಷ ಕಾಯ್ಬೇಕಾಗುತ್ತೆ. ರಾತ್ರಿಯೆಲ್ಲಾ ದುಡಿದು ಬಂದಿದ್ದೀರಿ.”

“ನಿನ್ನ ಮಗಳಿಗೆ ಮೂವತ್ತೆಂಟು ರಾತ್ರಿ ಕಾದಿದ್ದೀನಿ. ನಿನಗೆ ಹತ್ತು ನಿಮಿಷ ಕಾಯಲ್ವಾ?”

ಸಿಸ್ಟರ್ ಮತ್ತೆ ಹೋಗಿ ಬೆಂಚಿನಲ್ಲಿ ಕೂರುತ್ತಾರೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಸ್ಟೂಲನ್ನು ಬಾಗಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಾರೆ.