ಲಕ್ಸೆಂಬರ್ಗಿನವರ ಇಂಗು

ಹೆಂಡತಿ ತೀರಿಕೊಂಡ ವರ್ಷ ನಮ್ಮ ಮನೆಗೆ ಹಬ್ಬವಿರಲಿಲ್ಲ. ಸಾವಾದ ಮನೆಯವರು ವರ್ಷ ತುಂಬುವವರೆಗೆ ಹಬ್ಬ ಮಾಡಬಾರದು, ಇನ್ನೊಬ್ಬರ ಮನೆಯ ಹಬ್ಬದ ಊಟಕ್ಕೂ ಕೂರಬಾರದು. ಶಿಕಾಗೊ ಪಕ್ಕದ ಬೋಲಿಂಗ್‌ಬ್ರೂಕ್‌ನಲ್ಲಿದ್ದ ಮಾತ್ರಕ್ಕೆ ಈ ನಿಯಮ ಸಡಿಲವಾಗುವುದಿಲ್ಲ ಎಂದು ನೇಪರ್‌ವಿಲ್‌ನಿಂದ ಅಕ್ಕ ಫೋನ್ ಮಾಡಿ ಹೇಳಿದಳು. ಯುಗಾದಿಗೆ ಕನ್ನಡ ಸಂಘದವರು ನನ್ನನ್ನು ಕರೆಯಲಿಲ್ಲ. ರಾಮನವಮಿಗೆ ಬೀದಿಯ ಕೊನೆಯ ಮನೆಯವರು ಎಲ್ಲರಿಗೂ ಪಾನಕ ಕೊಟ್ಟು, ನನ್ನ ಗ್ಯಾರೇಜಿನ ಮುಂದೆ ಕಾರಿನ ವೇಗ ತಗ್ಗಿಸಿ, ಗೌರವದಿಂದ ಮುಂದೆ ಹೋದರು. ಹೀಗೆ ನಮ್ಮವರೆಲ್ಲ ನನ್ನ ದುಃಖಕ್ಕೆ ಮರ್ಯಾದೆ ಕೊಟ್ಟು ನನ್ನನ್ನು ಒಬ್ಬನನ್ನೇ ಬಿಟ್ಟರು.

ಬಿಡದೆ ಇದ್ದವರು ಲಕ್ಸೆಂಬರ್ಗಿನವರು.

ಲಕ್ಸೆಂಬರ್ಗ್ ಯುರೋಪಿನ ಒಂದು ಪುಟ್ಟ ದೇಶ, ಮಂಡ್ಯ ಜಿಲ್ಲೆಯ ಅರ್ಧದಷ್ಟು. ನೂರೈವತ್ತು ವರ್ಷಗಳ ಕೆಳಗೆ ಅಲ್ಲಿಂದ ಹಸಿವು ತಾಳಲಾರದೆ ಹೊರಟವರಲ್ಲಿ ಹಲವರು ಶಿಕಾಗೊ ಸುತ್ತ ಬಂದು ತರಕಾರಿ ಬೆಳೆದರು. ಅವರ ಮರಿಮಕ್ಕಳು ಈಗ ಇನ್ಶೂರೆನ್ಸ್ ಮಾರುತ್ತಾರೆ, ಹಲ್ಲು ಕೀಳುತ್ತಾರೆ, ಮತ್ತು ಒಂದು ಕ್ಲಬ್ ಇಟ್ಟುಕೊಂಡಿದ್ದಾರೆ. ನನ್ನ ಹೆಂಡತಿ ಅರೋರಾದಲ್ಲಿ ಆ ಕುಲದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದಳು. ಸ್ನಾನ, ಮಾತ್ರೆ, ಅಡುಗೆ. ನಾನು ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು. ಡಿಪ್ಲೊಮಾ ಮುಗಿಸದೆ ಬಂದವನಿಗೆ ಅಕ್ಕ ಕೊಡಿಸಿದ ಅಮೆರಿಕ ಅಷ್ಟೇ, ಅದರ ಬಗ್ಗೆ ದೂರಿಲ್ಲ.

ಅಜ್ಜಿಗೆ ವಯಸ್ಸಾಗಿ ನಾಲಿಗೆಯ ರುಚಿ ಹೋಗಿತ್ತು. ಒಂದು ದಿನ, ನಮ್ಮಮ್ಮ ಮಾಡುತ್ತಿದ್ದ ಆಲೂಗಡ್ಡೆ ವಡೆ ಬೇಕು ಅಂದಳು. ಹಸಿ ಆಲೂಗಡ್ಡೆ ತುರಿದು, ಈರುಳ್ಳಿ ಸೇರಿಸಿ, ಚಪ್ಪಟೆ ತಟ್ಟಿ, ಎಣ್ಣೆಯಲ್ಲಿ ಬೇಯಿಸುವ ತಿಂಡಿ. ಅದಕ್ಕೊಂದು ಉದ್ದನೆಯ ಹೆಸರಿದೆ. ನನ್ನ ಬಾಯಲ್ಲಿ ಹೊರಳುವುದಿಲ್ಲ, ಕ್ಲಬ್ಬಿನವರ ಬಾಯಲ್ಲೂ ಹೊರಳುವುದಿಲ್ಲ. ಹೆಂಡತಿ ಮಾಡಿಕೊಟ್ಟಳು. ಅಜ್ಜಿ ಚೀಪಿ ನೋಡಿ, ಇದಲ್ಲ, ನಮ್ಮಮ್ಮನದಕ್ಕೆ ವಾಸನೆ ಇತ್ತು ಅಂದಳು. ಮಾರನೆಯ ವಾರ ಇವಳು ಶುಂಠಿ ಹಾಕಿದಳು. ಇದಲ್ಲ. ಹಸಿಮೆಣಸಿನಕಾಯಿ ಹಾಕಿದಳು. ಹತ್ತಿರ ಬಂತು, ಆದರೂ ಇದಲ್ಲ. ಮೊಟ್ಟೆಯ ಬದಲು ಕಡಲೆಹಿಟ್ಟು, ಗರಿಗರಿಗೆ ಅಕ್ಕಿಹಿಟ್ಟು, ಪಾರ್ಸ್ಲಿ ಮುಗಿದಿದ್ದ ದಿನ ಕೊತ್ತಂಬರಿ ಸೊಪ್ಪು. ಕೊನೆಗೆ ಬೇಸತ್ತು ಒಳ್ಳೆ ಒಂದು ಚಿಟಿಕೆ ಇಂಗು ಹಾಕಿದಳು. ಅಜ್ಜಿ ಬಾಯಿಗಿಟ್ಟು ಅತ್ತುಬಿಟ್ಟಳು. ಇದೇ, ನಮ್ಮಮ್ಮನ ಕೈಯದೇ ಇದು ಅಂದಳು.

ಕ್ಲಬ್ಬಿನಲ್ಲಿ ಅಮ್ಮನ ಕೈಯ ವಡೆಯನ್ನು ನಿಜವಾಗಿ ತಿಂದಿದ್ದವಳು ಆ ಅಜ್ಜಿ ಒಬ್ಬಳೇ. ಉಳಿದವರೆಲ್ಲ ಫ್ರೋಜನ್ ತಿಂದು ಬೆಳೆದವರು. ಹಾಗಾಗಿ ಅವಳ ಮಾತೇ ಪ್ರಮಾಣವಾಯಿತು. ಪ್ರತಿ ಸೆಪ್ಟೆಂಬರಿನಲ್ಲಿ ಪಾರ್ಕಿನಲ್ಲಿ ಕ್ಲಬ್ ನಡೆಸುವ ಮೇಳದಲ್ಲಿ ವಡೆ ಅಂಗಡಿ ನನ್ನ ಹೆಂಡತಿಯ ಪಾಲಿಗೆ ಬಂತು. ನಾನು ತುರಿಯುತ್ತಿದ್ದೆ, ಹಿಂಡುತ್ತಿದ್ದೆ. ಅವಳು ಕಲಸುತ್ತಿದ್ದಳು. ಅಂಗಡಿಯ ಮುಂದೆ ಕಪ್ಪು ಹಲಗೆಯ ಮೇಲೆ 'ಮುತ್ತಜ್ಜಿಯ ಕೈರುಚಿ' ಎಂದು ಬರೆದಿರುತ್ತಿತ್ತು. ಅಜ್ಜಿ ತೀರಿಕೊಂಡಳು. ವಡೆ ಉಳಿಯಿತು. ಆಮೇಲೆ ಹೋದ ಜನವರಿಯಲ್ಲಿ ಇವಳೂ ಹೋದಳು.

ಏಪ್ರಿಲ್‌ನಲ್ಲಿ ಕ್ಲಬ್ಬಿನ ಅಧ್ಯಕ್ಷರು ಹೂವು ಹಿಡಿದು ಮನೆಗೆ ಬಂದರು. ಇನ್ಶೂರೆನ್ಸಿನಿಂದ ನಿವೃತ್ತರಾದ ಎತ್ತರದ ಮನುಷ್ಯ. ಇತ್ತೀಚೆಗೆ ಪೂರ್ವಜರ ಹೆಸರು ತೋರಿಸಿ ಲಕ್ಸೆಂಬರ್ಗಿನ ಪಾಸ್‌ಪೋರ್ಟ್ ಪಡೆದಿದ್ದರು. ಮುತ್ತಜ್ಜ ಹಸಿದು ಓಡಿಬಂದ ದೇಶ ಮರಿಮಗನನ್ನು ಹೊಟ್ಟೆ ತುಂಬಿದ ಮೇಲೆ ವಾಪಸ್ ಕರೆದಿತ್ತು. ಆ ಪಾಸ್‌ಪೋರ್ಟನ್ನು ಅವರು ಷರಟಿನ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಸಂತಾಪ ಹೇಳುವಾಗಲೂ ಅದು ಅರ್ಧ ಕಾಣುತ್ತಿತ್ತು.

"ನಮ್ಮ ಮ್ಯೂಸಿಯಂ ಶುರುವಾಗಿದೆ, ನೀವು ಬಂದು ನೋಡಲೇಬೇಕು," ಅಂದರು. "ಮನೆಯಲ್ಲಿ ಒಬ್ಬರೇ ಕೂತು ಏನು ಮಾಡ್ತೀರಿ?"

ಇಷ್ಟು ತಿಂಗಳಲ್ಲಿ ಹೀಗೆ ಕೇಳಿದವರು ಅವರೊಬ್ಬರೇ. ಹೋದೆ.

ಚರ್ಚಿನ ಸಭಾಂಗಣದ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ಹಳೆಯ ಫೋಟೊಗಳು. ಕೆಲವರ ಕೆಳಗೆ 'ಯಾರೆಂದು ತಿಳಿಯದು, ಆದರೆ ನಮ್ಮವರು' ಎಂದು ಬರೆದಿತ್ತು. ಇನ್ನೊಂದರ ನಡುವೆ ಗಾಜಿನ ಪೆಟ್ಟಿಗೆ. ಅದರೊಳಗೆ, ಕೆಳಗಿನಿಂದ ಬೆಳಕು ಬಿಟ್ಟು ಇಟ್ಟಿದ್ದರು, ನನ್ನ ಹೆಂಡತಿಯ ಈಳಿಗೆಮಣೆ.

ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದದ್ದು. ತುದಿಯಲ್ಲಿ ತೆಂಗಿನಕಾಯಿ ತುರಿಯುವ ಹಲ್ಲಿದೆ, ಒಂದು ಹಲ್ಲು ಮುರಿದಿದೆ. ಮೇಳದ ಈರುಳ್ಳಿ ಹೆಚ್ಚಲು ತಂದವಳು ಸಭಾಂಗಣದ ಅಡುಗೆಮನೆಯಲ್ಲಿ ಮರೆತು, ಎರಡು ವರ್ಷ ಹುಡುಕಿದ್ದಳು. ಪೆಟ್ಟಿಗೆಯ ಮೇಲಿನ ಬರಹ ಹೀಗಿತ್ತು: 'ಆಲೂಗಡ್ಡೆ ಸಾಧನ. ವಲಸಿಗರು ತಾಯ್ನಾಡಿನಿಂದ ಹೊತ್ತು ತಂದದ್ದು.'

ಹುಡುಕಿದರೂ ಅದರಲ್ಲಿ ಸುಳ್ಳು ಸಿಗಲಿಲ್ಲ. ಆಲೂಗಡ್ಡೆಯನ್ನೂ ಅವಳು ಅದರಲ್ಲೇ ಹೆಚ್ಚುತ್ತಿದ್ದಳು. ಅಧ್ಯಕ್ಷರು ನನ್ನ ಪಕ್ಕ ನಿಂತು, "ಕಣ್ಣು ತುಂಬಿ ಬರುತ್ತೆ ಅಲ್ವಾ?" ಅಂದರು. ಬಂದಿತ್ತು.

ಆ ರಾತ್ರಿ ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳು ಡೆಟ್ರಾಯಿಟ್ ಪಕ್ಕದ ನೊವೈನಲ್ಲಿ ಕಾರಿನ ಬ್ರೇಕ್ ವಿನ್ಯಾಸ ಮಾಡುವ ಕೆಲಸದಲ್ಲಿದ್ದಾಳೆ. ಮೊದಲು ನಕ್ಕಳು, ಆಮೇಲೆ ಸಿಟ್ಟಾದಳು.

"ಅಪ್ಪಾ, ಜಸ್ಟ್ ಟೆಲ್ ದೆಮ್! ಈಳಿಗೆ ಅಮ್ಮಂದು, ರೆಸಿಪಿ ಅಮ್ಮಂದು. ಅಲ್ಲಿ ಒಂದ್ ಕಡೆನಾದ್ರೂ ಹರ್ ನೇಮ್ ಇರ್ಬೇಕು."

"ಹೇಳಿದ್ರೆ ತೆಗೆದುಹಾಕ್ತಾರಮ್ಮ," ಅಂದೆ.

ಅದು ಬರೀ ಅನುಮಾನವಲ್ಲ. ಕ್ಲಬ್ಬಿನಲ್ಲಿ ಅಸಲಿತನದ ಕಮಿಟಿ ಎಂಬುದೊಂದಿತ್ತು. ಹಿಂದಿನ ವರ್ಷ ಅದು ಪಾಪ್‌ಕಾರ್ನ್ ಯಂತ್ರವನ್ನು ಹೊರಹಾಕಿತ್ತು. ಸಾಸಿವೆಯ ಬಾಟಲಿಯೊಂದನ್ನು ಫ್ರೆಂಚರದು ಎಂದು ಪತ್ತೆ ಹಚ್ಚಿ ಕಸಕ್ಕೆ ಎಸೆದಿತ್ತು. ಇಂಗು ಎಂದರೆ ಬಿಡುತ್ತಾರೆಯೇ? ಮತ್ತೆ, ಆ ರುಚಿ ನನಗೆ ಸಿಗುವ ಜಾಗ ಅದೊಂದೇ. ಮನೆಯಲ್ಲಿ ಮೂರು ಸಲ ಮಾಡಿ ನೋಡಿದ್ದೆ, ಮೂರು ಸಲವೂ ಕೆಟ್ಟಿತು. ಅವಳ ಪಕ್ಕ ನಿಂತು ನಾನು ಕಲಿತದ್ದು ನಲವತ್ತು ಪೌಂಡ್ ಆಲೂಗಡ್ಡೆಯ ಲೆಕ್ಕ. ಒಬ್ಬನಿಗೆ ಎಷ್ಟು ಎನ್ನುವುದು ನನಗೆ ಗೊತ್ತಿಲ್ಲ. ಹೆಸರು ಹೇಳಿದರೆ ರುಚಿ ಹೋಗುತ್ತದೆ, ರುಚಿ ಉಳಿಸಿಕೊಂಡರೆ ಹೆಸರಿಲ್ಲ. ಮಗಳಿಗೆ ಹೆಸರು ಬೇಕಿತ್ತು. ನನಗೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ವಡೆ ಬೇಕಿತ್ತು.

ಜೂನ್‌ನಲ್ಲಿ ಕ್ಲಬ್ಬಿನವರು ಒಂದು ಬಸ್ಸು ತುಂಬುವಷ್ಟು ಜನ ಲಕ್ಸೆಂಬರ್ಗ್ ಯಾತ್ರೆಗೆ ಹೋದರು. ಬಂದಮೇಲೆ ಸಭಾಂಗಣದಲ್ಲಿ ಫೋಟೊ ತೋರಿಸುವ ಕಾರ್ಯಕ್ರಮವಿಟ್ಟರು. ಕೋಟೆ, ಸೇತುವೆ, ಕೋಟೆಯ ಮುಂದೆ ಅಧ್ಯಕ್ಷರು, ಸೇತುವೆಯ ಮುಂದೆ ಅಧ್ಯಕ್ಷರು. ಅಲ್ಲಿ ಟ್ರಾಮಿಗೆ ಟಿಕೆಟ್ಟೇ ಇಲ್ಲವಂತೆ, ದೇಶಕ್ಕೆ ದೇಶವೇ ಪುಕ್ಕಟೆ ಓಡಾಡುತ್ತದಂತೆ. ಎಲ್ಲ ಚೆನ್ನಾಗಿತ್ತು, ಒಂದನ್ನು ಬಿಟ್ಟು.

"ವಡೆ ಮಾತ್ರ ಕೇಳಬೇಡಿ," ಅಂದರು ಅಧ್ಯಕ್ಷರು, ಮೈಕಿನಲ್ಲಿ. "ಸಪ್ಪೆ! ಆ ಘಮವೇ ಇಲ್ಲ. ಪಾಪ, ಅವರು ಸಂಪ್ರದಾಯ ಮರೆತಿದ್ದಾರೆ. ನಾವು ಇಲ್ಲಿ ಕಾಪಾಡಿಕೊಂಡು ಬಂದಿದ್ದೇವೆ."

ಜೋರು ಚಪ್ಪಾಳೆ. ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಇದೇ ಮಾತನ್ನು ಪ್ರತಿ ನವೆಂಬರಿನಲ್ಲಿ ಕೇಳಿದ್ದೇನೆ. ಬೆಂಗಳೂರಿನಲ್ಲಿ ಕನ್ನಡ ಎಲ್ಲಿದೆ, ಕನ್ನಡ ಉಳಿದಿರೋದೇ ಇಲ್ಲಿ, ಎಂದು ಭಾವ ಮೈಕಿನಲ್ಲಿ ಕೂಗುವಾಗ ಅವರ ಮಕ್ಕಳು ಹಿಂದಿನ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುತ್ತಿರುತ್ತಾರೆ. ಹಾಗಾಗಿ ನಾನೂ ಚಪ್ಪಾಳೆ ತಟ್ಟಿದೆ.

ಸೆಪ್ಟೆಂಬರಿನ ಮೇಳಕ್ಕೆ ವಡೆ ನೀವೇ ಮಾಡಬೇಕು ಎಂದು ಅಧ್ಯಕ್ಷರು ನನ್ನನ್ನು ಕೇಳಿದರು. ಲಕ್ಸೆಂಬರ್ಗಿನ ಮ್ಯೂಸಿಯಂ ಒಂದರಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಅತಿಥಿಯಾಗಿ ಬರುತ್ತಾಳೆ, ಅವಳಿಗೆ ನಿಜವಾದ ರುಚಿ ತೋರಿಸಬೇಕು ಅಂದರು.

ಒಪ್ಪುವ ಮೊದಲು ಅಕ್ಕನನ್ನು ಕೇಳಬೇಕಾಯಿತು. ವರ್ಷ ತುಂಬಿರಲಿಲ್ಲವಲ್ಲ.

"ಅಲ್ವೋ, ಕುರಿ ಮೆರವಣಿಗೆ ಮಾಡ್ತಾರೆ, ಬ್ಯಾಂಡ್ ಬಾರಿಸ್ತಾರೆ, ಎಣ್ಣೇಲಿ ಕರೀತಾರೆ," ಅಂದಳು ಅಕ್ಕ. "ಹಬ್ಬ ಅನ್ನೋಕೆ ಇನ್ನೇನೋ ಬೇಕು?"

"ಪಂಚಾಂಗದಲ್ಲಿ ಇಲ್ವಲ್ಲೇ," ಅಂದರು ಭಾವ.

"ನಿಮ್ ಸಂಘದ ಪಿಕ್ನಿಕ್ ಪಂಚಾಂಗದಲ್ಲಿದ್ಯಾ? ಅದಕ್ಕೆ ಇವನನ್ನ ಯಾಕೆ ಕರೀಲಿಲ್ಲ?"

ಭಾವ ದೇವಸ್ಥಾನದ ಭಟ್ಟರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಯಾವ ದೇವರ ಹಬ್ಬ?" ಕೇಳಿದರು ಭಟ್ಟರು.

"ದೇವರಿಲ್ಲ ಭಟ್ರೇ. ಕುರಿಗೆ ರಿಬ್ಬನ್ ಕಟ್ಟಿ ಮೆರವಣಿಗೆ ಮಾಡ್ತಾರೆ."

"ಆಮೇಲೆ ಕಡೀತಾರಾ?"

"ಇಲ್ಲ, ಬಾಡಿಗೆ ಕುರಿ. ಸಾಯಂಕಾಲ ವಾಪಸ್ ಕೊಡ್ಬೇಕು."

ಭಟ್ಟರು ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಅದು ಹಬ್ಬ ಅಲ್ಲ, ಫಂಕ್ಷನ್ನು. ಅವರು ಮಾಡಬಹುದು. ತಿನ್ನೋದು ಮಾತ್ರ ಬೇಡ."

ಮೇಳದ ದಿನ ಬೆಳಿಗ್ಗೆ ಮಗಳು ನೊವೈನಿಂದ ಡ್ರೈವ್ ಮಾಡಿಕೊಂಡು ಬಂದಳು. ಇಬ್ಬರೂ ಸೇರಿ ನಲವತ್ತು ಪೌಂಡ್ ತುರಿದು ಹಿಂಡಿದೆವು. ಕಲಸುವ ಹೊತ್ತಿಗೆ ಅವಳು ಅಮ್ಮನ ಇಂಗಿನ ಡಬ್ಬಿಯನ್ನು ತನ್ನ ಪರ್ಸಿನಿಂದ ತೆಗೆದಳು. ಜನವರಿಯಲ್ಲಿ ಅದನ್ನು ತೆಗೆದುಕೊಂಡು ಹೋದವಳು ಅವಳು ಎಂದು ನನಗೆ ಆಗ ಗೊತ್ತಾಯಿತು.

"ಇವತ್ತು ನೀನ್ ಹೇಳ್ದೆ ಇದ್ರೆ ನಾನ್ ಹೇಳ್ತೀನಿ," ಅಂದಳು.

"ಮೊದಲು ವಡೆ ಕರಿಯೋಣ ಬಿಡು," ಅಂದೆ.

ಬ್ಯಾಂಡ್ ಬಂತು, ಕುರಿ ಬಂತು. ಕುರಿ ರಿಬ್ಬನ್ ತಿಂದು ಮುಗಿಸಿತ್ತು. ಹಿಂದೆಯೇ ಅಧ್ಯಕ್ಷರು ಅತಿಥಿಯನ್ನು ಕರೆದುಕೊಂಡು ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಆಗಲೇ ಮ್ಯೂಸಿಯಂ ನೋಡಿ ಗೊಂದಲಗೊಂಡಿದ್ದಳು.

"ಆ ಸಾಧನವನ್ನು ನಾನು ನಮ್ಮಲ್ಲಿ ಎಲ್ಲೂ ನೋಡಿಲ್ಲ," ಎನ್ನುತ್ತಿದ್ದಳು.

"ಅಲ್ಲಿ ಉಳಿದಿಲ್ಲ," ಎಂದು ಅಧ್ಯಕ್ಷರು ಕನಿಕರದಿಂದ ಹೇಳಿದರು. "ಈಗ ಇದನ್ನು ತಿನ್ನಿ."

ಅವಳು ಕಚ್ಚಿದಳು. ಅಗಿಯುವುದನ್ನು ನಿಲ್ಲಿಸಿದಳು. ಮತ್ತೆ ಅಗಿದಳು. ಅಸಲಿತನದ ಕಮಿಟಿಯ ಮೂವರೂ ಸಾಲಾಗಿ ನಿಂತು ನೋಡುತ್ತಿದ್ದರು.

"ತುಂಬಾ ಚೆನ್ನಾಗಿದೆ," ಅಂದಳು. "ಆದರೆ ಇದು ನಮ್ಮದಲ್ಲ."

"ನಿಮ್ಮದಲ್ಲದೆ ಇರಬಹುದು," ಅಂದರು ಕಮಿಟಿಯ ಹೆಂಗಸು. "ಇದು ನಮ್ಮದು."

ಅತಿಥಿ ಅವರ ಕಡೆ ನೋಡದೆ ನನ್ನನ್ನು ಕೇಳಿದಳು, "ಇದರಲ್ಲಿ ಏನು ಹಾಕಿದ್ದೀರಿ?"

ಮಗಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ನಾನು ಎಣ್ಣೆಯನ್ನೇ ನೋಡುತ್ತ ಹೇಳಿದೆ. ಇಂಗು. ಶುಂಠಿ, ಮೆಣಸಿನಕಾಯಿ, ಕಡಲೆಹಿಟ್ಟು. ನನ್ನ ಹೆಂಡತಿ ಹಾಕುತ್ತಿದ್ದಳು. ಈ ಕ್ಲಬ್ಬಿನ ಒಬ್ಬ ಅಜ್ಜಿಗೆ ರುಚಿ ತಿಳಿಯುತ್ತಿರಲಿಲ್ಲ, ಅವಳಿಗೆ ಗೊತ್ತಾಗುವವರೆಗೂ ಇವಳು ಹಾಕುತ್ತ ಹೋದಳು. ಗಾಜಿನ ಪೆಟ್ಟಿಗೆಯಲ್ಲಿರುವುದೂ ಅವಳದೇ, ಮೈಸೂರಿನದು. ಇಷ್ಟು ಹೇಳಿ, ಹೊತ್ತದಂತೆ ವಡೆಯನ್ನು ಹೊರಳಿಸಿದೆ. ಇದೇ ಕೊನೆಯ ಬಾಣಲೆ ಅಂದುಕೊಂಡೆ.

ಸಾಲಿನಲ್ಲಿದ್ದ ಒಬ್ಬ ಮುದುಕ, "ಹಾಗಾದರೆ ಕೊಡಲ್ವಾ?" ಎಂದು ಕೇಳಿದ.

ಅತಿಥಿ ನಕ್ಕುಬಿಟ್ಟಳು. "ನಮ್ಮೂರಲ್ಲಿ ನಾನು ವಡೆ ತಿನ್ನುವ ಅಂಗಡಿ ಒಬ್ಬ ಪೋರ್ಚುಗೀಸ್ ಹೆಂಗಸಿನದು," ಅಂದಳು. "ಆಕೆ ಬೆಳ್ಳುಳ್ಳಿ ಹಾಕುತ್ತಾಳೆ. ಸಪ್ಪೆಯಾಗಿರುವುದು ಮ್ಯೂಸಿಯಂ ಕ್ಯಾಂಟೀನಿನದು ಮಾತ್ರ." ಆಮೇಲೆ ಇನ್ನೊಂದು ತೆಗೆದುಕೊಂಡು, "ನಿಮ್ಮ ಹೆಂಡತಿಯ ಹೆಸರೇನು?" ಅಂದಳು.

ಹೇಳಿದೆ. ಜನವರಿಯಿಂದ ಆ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಕಮಿಟಿಯವರು ಮರದ ಕೆಳಗೆ ಹೋಗಿ ಚರ್ಚಿಸಿದರು. ಕೈಯಲ್ಲಿ ಒಂದೊಂದು ವಡೆ ಇತ್ತು, ಬಹುಶಃ ಸಾಕ್ಷ್ಯಕ್ಕೆ. ಅವರು ತಿರುಗಿ ಬರುವಷ್ಟರಲ್ಲಿ ಸಾಕ್ಷ್ಯ ಮುಗಿದಿತ್ತು. ಅಧ್ಯಕ್ಷರು ಕಪ್ಪು ಹಲಗೆಯನ್ನು ತಮ್ಮ ಕರವಸ್ತ್ರದಿಂದ ಒರೆಸಿದರು. ಅಂಗಡಿ ಮುಚ್ಚಿತು ಅಂದುಕೊಂಡೆ. ಆದರೆ ಅವರು ಚಾಕ್ ತೆಗೆದುಕೊಂಡು, ಮಗಳನ್ನು ಕೇಳಿ ಕೇಳಿ, ಮುತ್ತಜ್ಜಿ ಇದ್ದ ಜಾಗದಲ್ಲಿ ನನ್ನ ಹೆಂಡತಿಯ ಹೆಸರು ಬರೆದರು. ದೊಡ್ಡ ಅಕ್ಷರದಲ್ಲಿ ಬರೆದರು.

ಸಾಲು ಮತ್ತೆ ಮುಂದೆ ಸರಿಯಿತು. ಹೊಸದಾಗಿ ಬಂದ ಒಬ್ಬಾಕೆ ಹಲಗೆಯನ್ನು ಓದಿ, "ಇದು ಎಲ್ಲಿಯ ಹೆಸರು?" ಎಂದು ಅಧ್ಯಕ್ಷರನ್ನು ಕೇಳಿದಳು.

"ಲಕ್ಸೆಂಬರ್ಗಿನದು," ಅಂದರು ಅವರು, ಜೇಬಿನ ಪಾಸ್‌ಪೋರ್ಟ್ ಸರಿಮಾಡಿಕೊಳ್ಳುತ್ತ. "ಬಹಳ ಹಳೆಯ ಹೆಸರು. ಈಗ ಅಲ್ಲೂ ಅಪರೂಪ."

ಮಗಳು ಮೇಜು ಹಿಡಿದುಕೊಂಡು ನಗತೊಡಗಿದಳು. ನಾನೂ ನಕ್ಕೆ. ನಗು ನಿಂತಮೇಲೆ ಅವಳು ಒಂದು ವಡೆಯನ್ನು ಕಾಗದದ ಮೇಲಿಟ್ಟು ನನ್ನ ಮುಂದೆ ತಳ್ಳಿದಳು.

"ಭಟ್ರು ಬೇಡ ಅಂದಿದಾರೆ," ಅಂದೆ.

"ಅಪ್ಪಾ, ಈಟ್."

ತಿಂದೆ. ಉಪ್ಪು ಒಂದು ಕಲ್ಲು ಕಡಿಮೆಯಿತ್ತು. ಉಳಿದದ್ದೆಲ್ಲ ಸರಿಯಿತ್ತು. ಮುಂದಿನ ಬಾಣಲೆಗೆ ಸರಿಮಾಡಿದೆ.