ಅಚ್ಚಿನ ತಪ್ಪು

ಬಿ.ಸಿ.ರೋಡಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇತ್ತು. ಮದುವೆ ಕಾಗದವೇ ಮುಖ್ಯ ಕೆಲಸ. ತೊಂಬತ್ತರ ದಶಕದಲ್ಲಿ ಕಾಲಿನಿಂದ ತುಳಿಯುವ ಯಂತ್ರ, ಸೀಸದ ಅಚ್ಚುಮೊಳೆಗಳು; ಸಂಜೆ ಕೈಯ ಮಸಿ ತೆಗೆಯಲು ಸೀಮೆಎಣ್ಣೆ ಬೇಕಿತ್ತು. ಹೈಸ್ಕೂಲು ಮುಗಿಸಿ ನೇರವಾಗಿ ಮೊಳೆ ಜೋಡಿಸಲು ಕುಳಿತವನು ನಾನು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಎಷ್ಟೋ ಮನೆಗಳ ಶುಭಕಾರ್ಯ ಈ ಕೈಯಲ್ಲಿ ಅಚ್ಚಾಗಿದೆ.

ಕಂಪ್ಯೂಟರ್ ಬಂದ ಮೇಲೆ ಮೊಳೆಗಳು ಗುಜರಿಗೆ ಹೋದವು. ಆಮೇಲೆ ಕೆಲವು ವರ್ಷಕ್ಕೆ ನನಗೊಂದು ಯೋಚನೆ ಬಂತು. ಕಾಗದ ಮಾಡಿಸಲು ಬರುವವರೆಲ್ಲ ಅದಕ್ಕೆ ಮೊದಲು ಗಂಡೋ ಹೆಣ್ಣೋ ಹುಡುಕಿ ಸುಸ್ತಾದವರೇ. ಆ ಹುಡುಕಾಟಕ್ಕೂ ನಮ್ಮಲ್ಲೇ ಒಂದು ವೆಬ್‌ಸೈಟ್ ಇದ್ದರೇನು? ಬೆಳ್ತಂಗಡಿಯ ಒಬ್ಬಳು ಹುಡುಗಿ ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕಲಿತು ಕೆಲಸ ನೋಡುತ್ತಿದ್ದಳು. ಅವಳನ್ನು ಸೇರಿಸಿಕೊಂಡೆ.

"ಇವತ್ತು ಮಾಡೆಲ್ ಮಾಡ್ತೇನೆ ಕಾಕಾ" ಎಂದಳು ಒಂದು ಬೆಳಿಗ್ಗೆ.

ನನಗೆ ಸೀರೆಯಂಗಡಿಯ ಬಾಗಿಲಲ್ಲಿ ನಿಲ್ಲಿಸುವ ಬೊಂಬೆ ನೆನಪಾಯಿತು. "ಮದುಮಗಳ ಫೋಟೊ ಹಾಕ್ಲಿಕ್ಕಾ?"

ಅವಳು ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು. "ಅಲ್ಲ ಕಾಕಾ, ಮಾಡೆಲ್ ಅಂದ್ರೆ ಅಚ್ಚು. ನಿಮ್ಮಲ್ಲಿ ಸೇಮಿಗೆ ಒತ್ತುವ ಅಚ್ಚು ಉಂಟಲ್ಲ? ಅದರ ತೂತು ಹೇಗೋ ಸೇಮಿಗೆ ಹಾಗೆ."

ಅಚ್ಚು ಎಂದ ಮೇಲೆ ನನಗೆ ಬೇರೆ ವಿವರಣೆ ಬೇಡ. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕುಳಿತೆ. ಕಪ್ಪು ಪರದೆಯಲ್ಲಿ ಜನರೇಟ್ ಎಂದು ಬರೆದು, ಮಾಡೆಲಿನ ಹೆಸರು, ಹಿಂದೆಯೇ ಹೆಸರು, ಊರು, ಹುಟ್ಟಿದ ದಿನ ಎಂದು ಒಂದೇ ಸಾಲಿನಲ್ಲಿ ಬರೆದು ಎಂಟರ್ ಒತ್ತಿದಳು. ಫೈಲುಗಳು ತಾವೇ ಒಂದರ ಕೆಳಗೊಂದು ಹುಟ್ಟಿದವು. ಇನ್ನೊಂದು ಸಾಲು ಬರೆದಳು, ಡೇಟಾಬೇಸಿನಲ್ಲಿ ಟೇಬಲ್ ಎದ್ದು ನಿಂತಿತು. ಮೊಳೆ ಹೆಕ್ಕಿ ಹೆಕ್ಕಿ ಬೆರಳು ಸವೆಸಿದ ನನಗೆ ಅದು ಮಂತ್ರದ ಹಾಗೆ ಕಂಡಿತು. ಕರೆಂಟು ಹೋದಾಗ ಇಬ್ಬರೂ ಗೋಳಿಬಜೆ ತರಿಸಿ ತಿನ್ನುತ್ತಿದ್ದೆವು. ಎಣ್ಣೆ ಕೈಯಲ್ಲಿ ಕೀಬೋರ್ಡ್ ಮುಟ್ಟಿದರೆ ನನಗೇ ಬೈಗುಳ. ಪ್ರೆಸ್ಸಿನಲ್ಲಿ ನಾನು ಕಂಡ ಒಳ್ಳೆಯ ದಿನಗಳೆಂದರೆ ಅವೇ.

"ಈಗ ಯಾರು ಯಾರಿಗೆ ಸೇರಿದವರು ಅಂತ ಮಾಡೆಲಿಗೆ ಹೇಳ್ಬೇಕು" ಎಂದಳು. "ಬರಿ ಯಾರಿಂದ ತೆಗೀಲಿ? ನಮ್ಮಲ್ಲಿ ತಾಯಿಯಿಂದ."

ಬರಿ ಎಂದರೆ ಗೋತ್ರದ ಹಾಗೆ. ಒಂದೇ ಬರಿಯವರು ಅಣ್ಣ ತಂಗಿಯರ ಲೆಕ್ಕ, ಮದುವೆಯಾಗುವಂತಿಲ್ಲ. ಗೋತ್ರ ತಂದೆಯಿಂದ ಬರುತ್ತದೆ. ಅಳಿಯಕಟ್ಟಿನ ಮನೆಗಳಲ್ಲಿ ಬರಿ ಬರುವುದು ತಾಯಿಯಿಂದ. ಅವಳು ಅಂಥ ಮನೆಯವಳೇ. ಬ್ಯಾರಿ ಮುಸ್ಲಿಮನಾದ ನನಗೆ ಇದು ತಿಳಿಯದು ಎನ್ನುವಂತಿಲ್ಲ, ಅವರ ಕಾಗದಗಳನ್ನು ಅಚ್ಚು ಹಾಕಿಯೇ ನನ್ನ ತಲೆಗೂದಲು ನರೆತದ್ದು.

ಆದರೆ ಉದ್ಘಾಟನೆಗೆ ಜನರನ್ನು ಕರೆದಾಗಿತ್ತು. "ಎಲ್ಲರಿಗೂ ತಂದೆಯಿಂದಲೇ ಹಾಕು ಮಾರಾಯ್ತಿ. ಒಂದೇ ಅಚ್ಚು ಸಾಕು."

"ತಪ್ಪಾಗ್ತದೆ ಕಾಕಾ. ಇನ್ನೊಂದು ಮಾಡೆಲ್ ಮಾಡುವ, ಒಂದು ದಿನ ಕೊಡಿ."

"ಅಂಗಡಿ ನನ್ನದಾ, ನಿನ್ನದಾ?"

ಅವಳು ತಂದೆ ಎಂದೇ ಬರೆದಳು.

ಮಳೆಗಾಲ ಕಳೆಯುವಷ್ಟರಲ್ಲಿ ಸಿದ್ಧಕಟ್ಟೆಯ ಒಬ್ಬ ಹುಡುಗನಿಗೆ ಮೂಡುಬಿದಿರೆಯ ಹುಡುಗಿ ಹೊಂದುತ್ತಾಳೆ ಎಂದು ನಮ್ಮ ಸೈಟ್ ತಂದೆಯರ ಬರಿ ನೋಡಿ ತೋರಿಸಿತು. ಎರಡೂ ಕಡೆ ಅಳಿಯಕಟ್ಟಿನವರು. ಹೆಣ್ಣು ನೋಡಲು ಹೋದ ದಿನ, ಕಾಫಿ ಕುಡಿಯುತ್ತಾ ಇಬ್ಬರು ತಾಯಂದಿರು ಬರಿ ಕೇಳಿಕೊಂಡರು. ಒಂದೇ! ಹುಡುಗಿ ಟ್ರೇ ಹಿಡಿದುಕೊಂಡೇ ಒಳಗೆ ಹೋದಳಂತೆ.

ಮರುದಿನ ಹುಡುಗನ ಸೋದರಮಾವ ಅಂಗಡಿಗೆ ಬಂದರು. ಗಿರಾಕಿಗಳು ತುಂಬಿದ್ದರು.

"ಅಣ್ಣ ತಂಗಿಗೆ ಮದುವೆ ಮಾಡಿಸ್ತೀರಾ? ಯಾರು ಮಾಡಿದ್ದು ಇದನ್ನು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಅಚ್ಚಿನ ತಪ್ಪು" ಎಂದೆ. "ಹುಡುಗಿ ಹೊಸಬಳು, ಅವಳಿಗೆ ತಿಳೀಲಿಲ್ಲ."

ಅವರು ಅವಳತ್ತ ತಿರುಗಿದರು. "ನೀನು ಎಲ್ಲಿಯವಳು? ಬೆಳ್ತಂಗಡಿಯಾ? ಬರಿ ಯಾರಿಂದ ಬರ್ತದೆ ಅಂತ ನಿನ್ನ ಅಮ್ಮ ಹೇಳಿ ಕೊಡ್ಲಿಲ್ವಾ?"

ಗಿರಾಕಿಗಳು ನಕ್ಕರು. ಅವಳು ನನ್ನನ್ನು ನೋಡಿದಳು. ನಾನು ಕಾಗದದ ಕಟ್ಟು ಬಿಚ್ಚುತ್ತಾ ನಿಂತೆ.

ಅವರು ಹೋದ ಮೇಲೆ ಅವಳು ಕುಳಿತು ತಾಯಿಗೆ ಬೇರೆ ಮಾಡೆಲ್ ಮಾಡಿ, ಬರಿಯನ್ನು ಅದಕ್ಕೆ ಸೇರಿಸಿ, ಗೋತ್ರವನ್ನು ತಂದೆಗೇ ಬಿಟ್ಟು, ಎರಡನ್ನೂ ಪರೀಕ್ಷಿಸಿದಳು. "ಈಗ ಸರಿ ಉಂಟು" ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದಳು. ಮತ್ತೆ ಬರಲಿಲ್ಲ.

ಮಾತು ಮಾತ್ರ ಅವಳ ಊರು ತಲುಪಿತು. ಬೆಳ್ತಂಗಡಿಯಿಂದ ಕಾಗದ ಮಾಡಿಸಲು ಬಂದವರೊಬ್ಬರು, ಬರಿ ಗೊತ್ತಿಲ್ಲದ ಹುಡುಗಿ ಎಂದು ಅವಳನ್ನು ಕೇಳಿ ಬಂದ ಒಂದು ಸಂಬಂಧ ಹಿಂದೆ ಸರಿಯಿತು ಎಂದು ತಮಾಷೆಯಾಗಿ ಹೇಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಸೈಟನ್ನು ಮುಚ್ಚಿ ಬಹಳ ಕಾಲವಾಯಿತು. ಕಳೆದ ವರ್ಷ ಸಿದ್ಧಕಟ್ಟೆಗೆ ಹೋಗಿ ಆ ಸೋದರಮಾವನಿಗೆ ಎಲ್ಲವನ್ನೂ ಹೇಳಿದೆ. ಅವರೂ ನನ್ನಂತೆ ಮುದುಕರಾಗಿದ್ದಾರೆ. "ನನ್ನ ಕಿವಿಯಲ್ಲಿ ಹೇಳಿ ಏನು ಪ್ರಯೋಜನ ಮಾರಾಯ್ರೆ? ಅವತ್ತು ನಾವಿಬ್ಬರೂ ಹತ್ತು ಜನರ ಎದುರಲ್ಲಿ ಹೇಳಿದ್ದಲ್ವಾ?" ಎಂದರು.

ಅದಕ್ಕೇ ಬರೆಯುತ್ತಿದ್ದೇನೆ. ಪ್ರೆಸ್ಸಿನಲ್ಲಿ ತಪ್ಪು ಅಚ್ಚಾಗಿ ಹೋದರೆ ಸರಿಯಾದದ್ದನ್ನು ಸಣ್ಣ ಚೀಟಿಯಲ್ಲಿ ಅಚ್ಚು ಹಾಕಿ ಅಂಟಿಸುವುದು ನಮ್ಮ ಕ್ರಮ. ಇದು ಆ ಚೀಟಿ. ಅವಳು ತಾಯಿ ಎಂದಿದ್ದಳು. ತಂದೆ ಎಂದದ್ದು ನಾನು.